ಕಂಬದ ಮೇಲಿನ ನಗು

"ನಿಜ ಏಳ್ಬುಡಪ್ಪ ಸ್ಯಾಮಣ್ಣ. ಅಷ್ಟ್ ದೊಡ್ ಕಟ್ಟಡಕ್ಕೆ ನನ್ ಮಗ ಪ್ಲಾಸ್ಟಿಕ್ ಕೀಲು ಆಕ್ಬುಟ್ಟಿದ್ನಾ?"

ಕೇಳಿದ್ದು ಪಿಳ್ಳಮ್ಮ. ಕೇಳಿದವಳೇ ಸೆರಗನ್ನು ಬಾಯಿಗೊತ್ತಿಕೊಂಡು ಹಜಾರದ ಗೋಡೆಗೆ ಒರಗಿದಳು.

ಶ್ಯಾಮಣ್ಣ ಬರೆಯುತ್ತಿದ್ದ ಪುಸ್ತಕ ಮುಚ್ಚಿದ. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಉಕ್ಕಿನ ಬೀಮುಗಳ ಜೊತೆ ಗುದ್ದಾಡಿ, ಫೋರ್‌ಮನ್ ಆಗಿ ನಿವೃತ್ತನಾದವನು ಅವನು. ಬಿದ್ದ ಕಟ್ಟಡ ಯಾಕೆ ಬಿತ್ತು ಎಂದು ಪತ್ತೆ ಹಚ್ಚುವುದೇ ಈಗಿನ ಕಸುಬು. ಎಂಥೆಂಥ ಕಂಟ್ರಾಕ್ಟರುಗಳ ಬಾಯಿ ಬಿಡಿಸಿದ್ದಾನೆ, ಪುಣ್ಯಾತ್ಮ! ಆದರೆ ಈ ಹೆಂಗಸಿನ ಮುಂದೆ ಕೂತರೆ ಅವನಿಗೇ ಬಾಯಿ ಕಟ್ಟಿಹೋಗುತ್ತಿತ್ತು.

ಒಂಬತ್ತು ದಿನದ ಹಿಂದೆ, ಗುರುವಾರ ಮಧ್ಯಾಹ್ನ ಮೂರೂ ಹತ್ತಕ್ಕೆ, ಕುಂದಲಹಳ್ಳಿಯ ಆಚೆಗಿನ ಟೆಕ್ ಪಾರ್ಕೊಂದರಲ್ಲಿ ತರಬೇತಿ ಸಭಾಂಗಣದ ಮೇಲಂತಸ್ತು ಕುಸಿದಿತ್ತು. ಸತ್ತವರು ಇಬ್ಬರು. ಆ ಅಂತಸ್ತಿನ ಲೆಕ್ಕ ಹಾಕಿದ್ದ ಎಂಜಿನಿಯರ್ ಹರ್ಷವರ್ಧನ್, ಪಿಳ್ಳಮ್ಮನ ಒಬ್ಬನೇ ಮಗ. ಮೇಲೆ ಕಾಫಿ ಕೌಂಟರ್ ನೋಡಿಕೊಳ್ಳುತ್ತಿದ್ದ ರಾಣಿ, ಎದುರು ಮನೆ ಈಶ್ವರಮ್ಮನ ಮಗಳು.

ಎದುರು ಮನೆ ಅಂದರೆ ಎಂಟು ಹೆಜ್ಜೆ. ಈ ಮನೆಯ ಸಾರಿನ ಬಟ್ಟಲು ಆ ಮನೆಗೆ, ಆ ಮನೆಯ ಪಲ್ಯ ಈ ಮನೆಗೆ, ಹೀಗೆ ನಲವತ್ತು ವರ್ಷ ನಡೆದಿತ್ತು. ಸುತ್ತ ಹೊಲಗಳೆಲ್ಲ ಹೋಗಿ ಗಾಜಿನ ಕಟ್ಟಡಗಳು ಬಂದರೂ ಆ ಎಂಟು ಹೆಜ್ಜೆ ಮಾತ್ರ ಹಾಗೇ ಉಳಿದಿತ್ತು.

ಮೊನ್ನೆ ಅದೂ ಹೋಯಿತು. ಹರ್ಷನ ವರದಿಯ ಒಂದು ಹಾಳೆ ಟೀವಿಯವರ ಕೈಗೆ ಸಿಕ್ಕಿತು. 'ಬೀಮಿನ ಎರಡೂ ತುದಿಗೆ ಪ್ಲಾಸ್ಟಿಕ್ ಹಿಂಜ್', ಅಂದರೆ ಕೀಲು, ಎಂದಿತ್ತು ಅದರಲ್ಲಿ. ಅಷ್ಟು ಸಾಲದೆ? ಉಕ್ಕಿನ ಜಾಗದಲ್ಲಿ ಪ್ಲಾಸ್ಟಿಕ್ ಎಂದು ಇಡೀ ದಿನ ಅರಚಿದರು. ಸಂಜೆ ಈಶ್ವರಮ್ಮ ಬೀದಿಯ ನಡುವೆ ನಿಂತು, "ಪ್ಲಾಸ್ಟಿಕ್ ಆಕಿ ನನ್ ಮಗಳ್ನ ಕೊಂದವ್ನೆ ನಿನ್ ಮಗ, ಅವ್ನಿಗೆ ಅಲ್ಲೂ ನೆಲೆ ಸಿಕ್ಬಾರ್ದು" ಎಂದು ಮಣ್ಣು ತೂರಿ, ಬಾಗಿಲು ಹಾಕಿಕೊಂಡಳು.

ನಾಳೆ ಭಾನುವಾರ ತಿಥಿ, ಎರಡೂ ಮನೆಯಲ್ಲಿ. ಕುಸಿತದ ತನಿಖೆ ನಡೆಸುತ್ತಿದ್ದ ಇನ್‌ಸ್ಪೆಕ್ಟರ್ ಆಂಜಿನಪ್ಪನಿಗೆ ಶ್ಯಾಮಣ್ಣನ ವರದಿ ಹೋಗಬೇಕಾದದ್ದೂ ನಾಳೆ ಸಂಜೆಯೊಳಗೆ. ಪಿಳ್ಳಮ್ಮ ಅವನನ್ನು ಬೇಡಿಕೊಂಡಿದ್ದು ಒಂದೇ ಒಂದು. ಮಗ ವಾಪಸ್ ಬರಲ್ಲ, ಗೊತ್ತು. ಎಡೆ ಇಡುವಾಗ ಈಶ್ವರಿ ಬಂದು ಪಕ್ಕದಲ್ಲಿ ನಿಂತರೆ ಸಾಕು.

"ಅಕ್ಕ, ನಿನ್ ಸೆರಗಿನ ಪಿನ್ನು ಕೊಡು ಇಲ್ಲಿ," ಎಂದ ಶ್ಯಾಮಣ್ಣ.

ಪಿಳ್ಳಮ್ಮ ಏನೂ ತಿಳಿಯದೆ ಬಿಚ್ಚಿ ಕೊಟ್ಟಳು. ಅವನು ಪಿನ್ನಿನ ಕಡ್ಡಿಯನ್ನು ಬೆರಳಲ್ಲಿ ಸ್ವಲ್ಪ ಎತ್ತಿ ಬಿಟ್ಟ. ಅದು ಟಕ್ಕನೆ ಸ್ವಸ್ಥಾನಕ್ಕೆ ಬಂತು. ಮತ್ತೆ ಎತ್ತಿದ, ಈ ಸಲ ಜಾಸ್ತಿ. ಕಡ್ಡಿ ಬಗ್ಗಿದ್ದು ಬಗ್ಗಿದಂತೆಯೇ ನಿಂತಿತು.

"ಮುರಿಯಿತಾ?"

"ಇಲ್ಲ."

"ವಾಪಸ್ ಬಂತಾ?"

"ಇಲ್ಲ, ಸೊಟ್ಟಗೋಯ್ತು."

"ಇದೇ ಅಕ್ಕ ಪ್ಲಾಸ್ಟಿಕ್ ಅಂದ್ರೆ. ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಉಕ್ಕು ಮುರಿಯೋಕ್ ಮುಂಚೆ ಹಿಂಗೆ ಸೋತು ಬಗ್ಗುತ್ತೆ. ಬಗ್ಗಿದ ಜಾಗ ಕೀಲಿನಂಗೆ ತಿರುಗುತ್ತೆ. ಯಾವ ಬೀಮು ಎಲ್ಲಿ ಸೋಲುತ್ತೆ, ಎಷ್ಟು ಭಾರಕ್ಕೆ ಸೋಲುತ್ತೆ ಅಂತ ಎಂಜಿನಿಯರು ಮೊದ್ಲೇ ಕಂಪ್ಯೂಟರಿಗೆ ಹೇಳಿಡ್ತಾನೆ. ಅಲ್ಲಿ ಯಾರೂ ಏನೂ ತಗುಲಿಸಿಲ್ಲ. ಅದು ಲೆಕ್ಕದಲ್ಲಿರೋ ಕೀಲು."

ಪಿಳ್ಳಮ್ಮ ಸೊಟ್ಟ ಪಿನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

"ಅಂಗಾರೆ ಬರೀ ಮಾತಾ ಅದು?"

"ಬರೀ ಮಾತು."

"ಒಂದ್ ಮಾತಿಗೆ ಈಸ್ವರಿ ನನ್ ಮಖ ನೋಡ್ದಂಗಾದ್ಲಾ? ಅಯ್ಯೋ ನನ್ ಕಂದ, ಸತ್ಮೇಲೂ ನಿಂಗೆ ಇಂತಾ ಮಾತಾ..." ಎಂದು ಪಿಳ್ಳಮ್ಮ ಹೋ ಎಂದು ಅತ್ತಳು. ಒಂಬತ್ತು ದಿನದಿಂದ ಒಳಗೊಳಗೇ ಅಳುತ್ತಿದ್ದವಳು ಅಂದು ಬಾಯಿಬಿಟ್ಟು ಅತ್ತಳು. ಶ್ಯಾಮಣ್ಣ ತಡೆಯಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಆಸಾಮಿಗೆ ಹಿಂದಿನ ದಿನ ಸಿಕ್ಕಿದ ಸುಳಿವು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ಇನ್ನೊಂದಿದೆ ಅಕ್ಕ. ಆ ಮೊರ ತಗೊಂಡ್ ಬಾ."

ಗೋಡೆಯ ಮೊಳೆಗೆ ನೇತುಹಾಕಿದ್ದ ಬಿದಿರಿನ ಮೊರ. ಮೆಂತ್ಯ ರುಬ್ಬಿ ಕಾಗದದ ಜೊತೆ ಕಲಸಿ ಬಳಿದು ಒಣಗಿಸಿದ್ದಳು ಪಿಳ್ಳಮ್ಮ. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಅವಳೇ ಬಳಿಯುವುದು.

"ಈ ಬಿದಿರು ಉಕ್ಕಿನ ಬೀಮು ಅನ್ಕೋ. ಮೇಲೆ ಬಳಿದಿರೋ ಲೇಪ ಕಾಂಕ್ರೀಟು. ಎರಡೂ ಬಿಟ್ಟು ಹೋಗದಂಗೆ ನಡುವೆ ಉಕ್ಕಿನ ಗೂಟ ಬೆಸುಗೆ ಹಾಕಿರ್ತಾರೆ. ಎರಡೂ ಸೇರಿ ಒಂದೇ ಮೈ ಆಗಿ ಭಾರ ಹೊರುತ್ವೆ." ಅವನು ಮೊರದ ಎರಡು ಅಂಚು ಹಿಡಿದು, ನಡು ತಗ್ಗುವಂತೆ ಮೆಲ್ಲಗೆ ಬಾಗಿಸಿದ. "ನೋಡು. ಲೇಪ ಒತ್ಕೊಂಡು ಇನ್ನೂ ಗಟ್ಟಿ ಆಯ್ತು. ಈಗ ತಿರುಗಿಸಿ ಈ ಕಡೆ..."

"ಅಂಗ್ ಬಗ್ಗಿಸ್ಬ್ಯಾಡ! ಲೇಪ ಬಿರೀತದೆ!" ಪಿಳ್ಳಮ್ಮ ಮೊರವನ್ನು ಕಿತ್ತುಕೊಂಡಳು.

ಶ್ಯಾಮಣ್ಣ ನಕ್ಕುಬಿಟ್ಟ. "ಅದೇ ಅಕ್ಕ! ನೀನ್ ಹೇಳಿದ್ದೇ ನಿನ್ ಮಗನ ಲೆಕ್ಕ. ಎರಡು ಕಂಬದ ನಡುವೆ ಬೀಮು ಕೆಳಗೆ ಜಗ್ಗುತ್ತೆ, ನಗೋ ಬಾಯಿಯಂಗೆ. ಅಲ್ಲಿ ಕಾಂಕ್ರೀಟು ಜೊತೆಗಿರುತ್ತೆ. ಕಂಬದ ತಲೆ ಮೇಲೆ ಹಾಯೋ ಕಡೆ ಉಲ್ಟಾ ಬಾಗುತ್ತೆ, ಅಳೋ ಬಾಯಿಯಂಗೆ. ಅಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಕೈಕೊಡುತ್ತೆ, ಹೆಚ್ಚುಕಮ್ಮಿ ಉಕ್ಕೊಂದೇ ಹೊರಬೇಕು. ಅದಕ್ಕೇ ಎರಡು ಥರದ ಕೀಲು, ಎರಡು ಲೆಕ್ಕ. ಹರ್ಷ ಅವಕ್ಕೆ ಹೆಸರಿಟ್ಟಿದ್ದ. ನಡುವಿನದು ನಗು, ತುದಿಯದು ಅಳು."

"ನಗು, ಅಳು," ಎಂದು ಪಿಳ್ಳಮ್ಮ ಮೆಲ್ಲಗೆ ಹೇಳಿಕೊಂಡಳು. "ಚಿಕ್ಕೋನಿದ್ದಾಗ್ಲೂ ಅಂಗೇ. ಎಲ್ಲದಕ್ಕೂ ಒಂದೊಂದ್ ಎಸರಿಡವ್ನು."

ಹರ್ಷನ ಆಫೀಸಿನವರು ಪೊಲೀಸರಿಗೆ ಕೊಟ್ಟ ಫೈಲಿನಲ್ಲಿ ಕಂಬದ ಮೇಲೂ ನಗುವೇ ಇತ್ತು. ಅಂದರೆ ಇಲ್ಲದ ಬಲವನ್ನು ಇದೆ ಎಂದು ಲೆಕ್ಕ ಹಿಡಿದಿದ್ದರು. ಅದನ್ನು ನಂಬಿ ಕಡಿಮೆ ಉಕ್ಕಿನ ಬೀಮು ಹಾಕಿದ್ದಾಯಿತು, ಆಮೇಲೆ ಯಾರೋ ಅದರ ಮೇಲೆ ಯುಪಿಎಸ್ ಬ್ಯಾಟರಿಗಳ ಸಾಲು ತಂದು ಪೇರಿಸಿದ್ದೂ ಆಯಿತು. ಕುಸಿದ ದಿನ ರಾಣಿ ತನ್ನ ಫೋನಿನಲ್ಲಿ ತೆಗೆದು ಹರ್ಷನಿಗೆ ಕಳಿಸಿದ್ದ ಚಿತ್ರದಲ್ಲಿ ನೆಲದ ಬಿರುಕು ಸ್ಕೇಲಿಟ್ಟು ಎಳೆದಷ್ಟು ನೇರವಾಗಿ ಕಂಬದ ಗೆರೆಯ ಮೇಲೇ ಇತ್ತು. ಸರಿಯಾಗಿ ಅಳು ಇರಬೇಕಾದ ಜಾಗದಲ್ಲಿ.

ಆದರೆ ನಿನ್ನೆ ಸಂಜೆ ಇದೇ ಮನೆಯ ಮಹಡಿಯ ಕೋಣೆಯಲ್ಲಿ, ಹರ್ಷನ ಸ್ವಂತ ಲ್ಯಾಪ್‌ಟಾಪಿನಲ್ಲಿ, ಬೇರೊಂದು ಫೈಲು ಸಿಕ್ಕಿತ್ತು. ಅದನ್ನು ತೆರೆದು ತೋರಿಸಿದವಳು ಮಂಜುಶ್ರೀ. ಹರ್ಷನ ಜೊತೆಯಲ್ಲೇ ಕೆಲಸ ಮಾಡುವ ಎಂಜಿನಿಯರ್, ಕಾರ್ತೀಕದಲ್ಲಿ ಅವನನ್ನು ಮದುವೆಯಾಗಬೇಕಿದ್ದ ಹುಡುಗಿ. ಆ ಫೈಲಿನಲ್ಲಿ ನಲವತ್ತಾರು ಬೀಮಿಗೂ ನಡುವೆ ನಗು, ತುದಿಗೆ ಅಳು, ಒಂದೂ ತಪ್ಪಿಲ್ಲ.

"ನಿನ್ ಮಗ ಸರಿಯಾಗೇ ಮಾಡಿದ್ದ ಅಕ್ಕ," ಎಂದ ಶ್ಯಾಮಣ್ಣ. "ಆಫೀಸಲ್ಲಿ ಯಾರೋ ಬದಲಾಯಿಸವ್ರೆ. ಅದ್ಯಾರು ಅಂತ ಇವತ್ತೇ ಹಿಡೀತೀನಿ."

ಪಿಳ್ಳಮ್ಮ ಎದ್ದಳು. ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ದಾಟಿ, ಬೀದಿ ದಾಟಿ, ಎದುರು ಮನೆಯ ಬಾಗಿಲು ಬಡಿದಳು. "ಈಸ್ವರೀ... ಬಾಗ್ಲು ತಗೀಯೇ. ನನ್ ಮಗ ತಪ್ಪು ಮಾಡಿಲ್ವಂತೆ ಕಣೇ. ಬಾರೇ, ಮೊರದಲ್ಲಿ ತೋರುಸ್ತೀನಿ."

ಅವಳನ್ನು ತಡೆಯಬೇಕಿತ್ತು. ಇನ್ನೊಂದು ದಿನ ಸುಮ್ಮನಿರಕ್ಕ ಅನ್ನಬೇಕಿತ್ತು. ಶ್ಯಾಮಣ್ಣ ಅನ್ನಲಿಲ್ಲ.

* * *

ವೈಟ್‌ಫೀಲ್ಡಿನ ಏಳನೇ ಮಹಡಿಯ ಆಫೀಸು. ಶನಿವಾರವಾದ್ದರಿಂದ ಕುರ್ಚಿಗಳೆಲ್ಲ ಖಾಲಿ. ಒಳಗಿನ ಗಾಜಿನ ಕೋಣೆಯಲ್ಲಿ ಶಿವಶಂಕರ್ ಒಬ್ಬನೇ ಇದ್ದ. ಈ ಕಂಪನಿಯ ಯಜಮಾನ, ಐವತ್ತೈದರ ಆಸುಪಾಸು, ಮೊದಲು ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವನು. ಹರ್ಷ ಅವನ ಶಿಷ್ಯ.

ಶ್ಯಾಮಣ್ಣ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ.

"ಇದು ನೀವು ಪೊಲೀಸ್ರಿಗೆ ಕೊಟ್ಟಿದ್ದು. ಇದು ಹರ್ಷನ ಮನೇಲಿ ಸಿಕ್ಕಿದ್ದು. ಓದಿ ಸಾರ್."

ಶಿವಶಂಕರ್ ಓದಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ಓದಿದ.

"ನಗು, ಅಳು," ಎಂದ. "ಈ ಹೆಸರು ಅವನಿಗೆ ಹೇಳಿಕೊಟ್ಟೋನೇ ನಾನು. ಸೆಕೆಂಡ್ ಇಯರ್ ಕ್ಲಾಸಲ್ಲಿ, ಬೋರ್ಡ್ ಮೇಲೆ ಎರಡು ಮುಖ ಬರೆದು. ಇಡೀ ಕ್ಲಾಸ್ ನಕ್ಕಿತ್ತು. ಬರ್ಕೊಂಡೋನು ಅವನೊಬ್ಬನೇ."

"ಹಂಗಾದ್ರೆ ಎಲ್ಲಿ ಅಳು ತೆಗೆದು ನಗು ಹಾಕಿದ್ರೆ ಸತ್ತೋನ ಮೇಲೆ ತಪ್ಪು ಬೀಳುತ್ತೆ ಅಂತಾನೂ ನಿಮಗೆ ಗೊತ್ತಿರುತ್ತೆ."

"ಏನ್ ಹೇಳ್ತಿದ್ದೀರಿ ಶ್ಯಾಮಣ್ಣೋರೆ?"

"ಹೇಳ್ತಿಲ್ಲ, ಕೇಳ್ತಿದ್ದೀನಿ. ಆ ಮುದುಕಿ ಮೊನ್ನೆಯಿಂದ ಬೀದೀಲಿ ತಲೆ ಎತ್ತಿಲ್ಲ. ನಿಮ್ ಕಂಪನಿ ಉಳಿಸ್ಕೊಳ್ಳೋಕೆ ಶಿಷ್ಯನ ಹೆಣದ ಮೇಲೆ ತಪ್ಪು ಹೊರಿಸಿದ್ರಾ ಅಂತ."

ಶಿವಶಂಕರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಶ್ಯಾಮಣ್ಣನಿಗೆ ಧೈರ್ಯ ಬರುತ್ತಿತ್ತು. ಅವನು ಮೆತ್ತಗೆ ಒಂದು ಪ್ರಶ್ನೆ ಕೇಳಿದ.

"ನೀವು ಪೀಣ್ಯದಲ್ಲಿದ್ದಾಗ ಒಂದು ಬೀಮ್ ಮುಂದೆ ಬಂದ್ರೆ ಮೊದ್ಲು ಏನ್ ನೋಡ್ತಿದ್ರಿ?"

"ಗುರುತು. ಪೇಂಟಲ್ಲಿ ಬರೆದಿರೋ ನಂಬರು. ಗುರುತಿದ್ರೆ ಬೀಮು, ಇಲ್ದಿದ್ರೆ ಗುಜರಿ."

"ತಾರೀಖು?"

"ಬೀಮಿಗೆ ಎಲ್ಲೀ ತಾರೀಖು ಸಾರ್?"

"ಫೈಲಿಗೆ ಇರುತ್ತೆ."

ಶ್ಯಾಮಣ್ಣನ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು. ಹರ್ಷನ ಫೈಲು ತುಂಬಿಕೊಂಡು ತಂದಿದ್ದ ಪೆನ್‌ಡ್ರೈವ್ ಅಲ್ಲಿತ್ತು. ಶಿವಶಂಕರ್ ಕೈ ಚಾಚಿದ, ಇವನು ಕೊಟ್ಟ. ಪರದೆಯ ಮೇಲೆ ಫೈಲಿನ ಹೆಸರು ಮೂಡಿತು, ಪಕ್ಕದಲ್ಲೇ ಕೊನೆಯ ಸಲ ಉಳಿಸಿದ ದಿನ, ಹೊತ್ತು.

ಅದೇ ಗುರುವಾರ. ಸಂಜೆ ನಾಲ್ಕೂ ನಲವತ್ತು.

ಹರ್ಷ ಸತ್ತದ್ದು ಮೂರೂ ಹತ್ತಕ್ಕೆ.

"ನಮ್ಮ ಫೈಲೂ ನೋಡಿ," ಎಂದ ಶಿವಶಂಕರ್. "ಫೆಬ್ರವರಿ ಹನ್ನೊಂದು. ಹರ್ಷನ ಲಾಗಿನ್. ಅದಾದ್ಮೇಲೆ ಯಾರೂ ಮುಟ್ಟಿಲ್ಲ. ಪೊಲೀಸ್ನೋರೂ ನೋಡಿದಾರೆ."

ಶ್ಯಾಮಣ್ಣ ಎರಡೂ ತಾರೀಖನ್ನು ಮತ್ತೆ ಮತ್ತೆ ಓದಿದ. ಮೂವತ್ತು ವರ್ಷದ ಅಭ್ಯಾಸ ಎಂಥ ಗುಂಡಿಗೆ ಕೆಡವಿತ್ತು ನೋಡಿ! ಗುರುತು ಸರಿಯಿದೆ ಎಂದು ಬೀಮನ್ನು ಪಾಸು ಮಾಡಿದ ಹಾಗೆ, ಹೆಸರು ಸರಿಯಿದೆ ಎಂದು ಫೈಲನ್ನು ಪಾಸು ಮಾಡಿಬಿಟ್ಟಿದ್ದ. ಕಣ್ಣೆದುರಿಗೇ ಇದ್ದ ತಾರೀಖು ಅವನಿಗೆ ಕಂಡೇ ಇರಲಿಲ್ಲ. ಸರಿಯಾದ ಫೈಲು ಹುಟ್ಟಿದ್ದೇ ಹರ್ಷ ಸತ್ತ ಒಂದೂವರೆ ಗಂಟೆಯ ಮೇಲೆ. ತಪ್ಪು ಫೈಲೇ ಅಸಲಿ.

"ನಿಮ್ ಕಣ್ಣಿಗೂ ಬೀಳ್ಲಿಲ್ವಾ ಸಾರ್ ಆ ತಪ್ಪು? ನೀವು ಯಜಮಾನರು, ಅವನ ಮೇಷ್ಟ್ರು." ಕೇಳಬೇಕೆಂದು ಕೇಳಿದ್ದಲ್ಲ, ಸೋತ ದನಿಯಲ್ಲಿ ಬಾಯಿಗೆ ಬಂದದ್ದು.

"ಬಿದ್ದಿದ್ರೂ ಏನ್ ಪ್ರಯೋಜನ? ಪೀಣ್ಯದಲ್ಲಿ ಬೀಮೆಲ್ಲ ಕಟ್ ಆಗಿ ಕೂತ್ಮೇಲೆ ಏನ್ ಮಾಡೋಕಾಗ್ತಿತ್ತು ಹೇಳಿ." ಶಿವಶಂಕರ್ ನೀರಿನ ಲೋಟ ಎತ್ತಿಕೊಂಡ. "ಅವನಮ್ಮಂಗೆ ನೀವೇ ಹೇಳ್ಬಿಡಿ. ನನಗೆ ಆ ಮನೆ ಮೆಟ್ಟಿಲು ಹತ್ತೋ ಧೈರ್ಯ ಇಲ್ಲ."

ಲಿಫ್ಟಿನಲ್ಲಿ ಇಳಿಯುವಾಗ ಶ್ಯಾಮಣ್ಣನಿಗೆ ಆ ಮಾತು ಯಾವುದೂ ತಲೆಗೆ ಹತ್ತಲಿಲ್ಲ. ಮೊರ ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿದ ಹೆಂಗಸೊಬ್ಬಳೇ ಕಣ್ಣ ಮುಂದಿದ್ದಳು.

* * *

ಕುಂದಲಹಳ್ಳಿಗೆ ವಾಪಸಾದಾಗ ನಾಲ್ಕು ಗಂಟೆ. ಬೀದಿಯ ತಿರುವಿನಲ್ಲೇ ಅವನ ಕಾಲು ನಿಂತಿತು. ಎದುರುಬದುರಿನ ಎರಡೂ ಬಾಗಿಲು ತೆರೆದಿದ್ದವು.

ಪಿಳ್ಳಮ್ಮನ ಹಜಾರದಲ್ಲಿ ಇಬ್ಬರು ಹೆಂಗಸರು ಮಂಡಿಗೆ ಮಂಡಿ ತಾಗುವಂತೆ ಕೂತು ನಾಳೆಯ ಅಕ್ಕಿ ಆರಿಸುತ್ತಿದ್ದರು. ಇಬ್ಬರ ಕಣ್ಣೂ ಅತ್ತು ಅತ್ತು ಊದಿಕೊಂಡಿದ್ದವು. ಅಡುಗೆಮನೆಯ ಬಾಗಿಲಲ್ಲಿ ಮಂಜುಶ್ರೀ ತಲೆ ತಗ್ಗಿಸಿಕೊಂಡು ಬಾಳೆಲೆ ಒರೆಸುತ್ತಿದ್ದಳು.

ಈಶ್ವರಮ್ಮ ಎದ್ದು ಬಂದು ಶ್ಯಾಮಣ್ಣನ ಎರಡೂ ಕೈ ಹಿಡಿದುಕೊಂಡಳು.

"ತಪ್ಪಾಯ್ತಣ್ಣ. ಸತ್ ಮಗೀಗೆ ಬಾಯ್ಗ್ ಬಂದಂಗೆ ಸಾಪ ಆಕ್ಬುಟ್ಟೆ. ನಾನೇ ಎತ್ತಾಡ್ಸಿದ್ ಮಗು ಕಣಣ್ಣ ಅದು. ನನ್ ಬಾಯ್ಗೆ ಉಳ ಬೀಳ."

"ಇಬ್ರಿಗೂ ಒಂದೇ ತಾವು ಎಡೆ ಇಡಾನ ಅಂತ ಮಾತಾಡ್ಕಂಡ್ವಪ್ಪ," ಎಂದಳು ಪಿಳ್ಳಮ್ಮ. "ಒಟ್ಗೆ ಆಡ್ಕಂಡ್ ಬೆಳ್ದೋರು, ಒಟ್ಗೇ ಓದ್ರು. ಎಡೆ ಯಾಕೆ ಬ್ಯಾರೆ ಬ್ಯಾರೆ? ಎಲ್ಲಾ ನಿನ್ ಪುಣ್ಯ ಸ್ಯಾಮಣ್ಣ."

ಶ್ಯಾಮಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಂಜುಶ್ರೀಯ ಕಡೆ ನೋಡಿದ. "ಆ ಲ್ಯಾಪ್‌ಟಾಪ್ ಇನ್ನೊಂದ್ಸಲ ನೋಡ್ಬೇಕಮ್ಮ," ಎಂದ.

ಮಹಡಿಯ ಕೋಣೆ. ಕಿಟಕಿಯಲ್ಲಿ ಹರ್ಷನ ಹಳದಿ ಹೆಲ್ಮೆಟ್ಟು. ಪಕ್ಕದಲ್ಲೇ ತಾರಸಿಗೆ ತೆರೆಯುವ ಬಾಗಿಲು. ಲ್ಯಾಪ್‌ಟಾಪನ್ನು ಇಬ್ಬರೂ ಮುಟ್ಟಲಿಲ್ಲ.

"ಗುರುವಾರ ನಾಲ್ಕೂ ನಲವತ್ತಕ್ಕೆ ಎಲ್ಲಿದ್ದೆ ಕಣಮ್ಮ?"

ಮಂಜುಶ್ರೀ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇಲ್ಲೇ ಸಾರ್. ಇದೇ ಕುರ್ಚೀಲಿ. ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಮನೇಲಿ ಯಾರೂ ಇರ್ಲಿಲ್ಲ."

"ಅವನ ಹೆಸರು ಉಳಿಸೋಕೆ ಮಾಡ್ದೆ. ಅರ್ಥ ಆಗುತ್ತಮ್ಮ ನನಗೆ. ಆದ್ರೆ ಅವನ ತಪ್ಪನ್ನ..."

"ಅವನ ತಪ್ಪಲ್ಲ ಸಾರ್!" ಅವಳು ತಲೆ ಎತ್ತಿದಳು. "ಅವನ ತಪ್ಪು ಅಲ್ವೇ ಅಲ್ಲ. ಕಂಬದ ಮೇಲೆ ನಗು ಹಾಕಿದ್ದು ನಾನು."

ಶ್ಯಾಮಣ್ಣ ಮಂಚದ ಅಂಚಿಗೆ ಕೂತ.

"ಫೆಬ್ರವರೀಲಿ ಹರ್ಷಂಗೆ ಡೆಂಗ್ಯೂ ಬಂದಿತ್ತು. ಕೆಲಸ ನಿಲ್ಬಾರ್ದು ಅಂತ ಅವನ ಲಾಗಿನ್ನಲ್ಲಿ ನಾನೇ ಕೂತೆ. ಎಲ್ಲಾ ಬೀಮನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಮೊದ್ಲು ಎಲ್ಲಾ ಕಡೆ ನಗು ಹಾಕ್ದೆ. ಆಮೇಲೆ ತುದಿಗೆ ಅಳು ಹಾಕ್ಬೇಕಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ಪ್ಲೇಟ್‌ಲೆಟ್ ಇಳಿದ್ಬಿಟ್ಟಿದೆ ಅಂತ. ಹಂಗೇ ಸೇವ್ ಮಾಡಿ ಓಡ್ದೆ. ಮೂರು ದಿನ ಬಿಟ್ಟು ಬಂದಾಗ, ಅದನ್ನ ಮುಗ್ಸಿದ್ದೀನಿ ಅಂತಾನೇ ಅನ್ಕೊಂಡೆ."

"ಹರ್ಷ ನೋಡ್ಲಿಲ್ವಾ?"

"ನೀನು ಮಾಡಿದ್ದಲ್ವಾ, ನಾನೇನು ನೋಡೋದು ಅಂದ. ಸೈನ್ ಹಾಕ್ದ." ಅವಳು ಕಿಟಕಿಯ ಹೆಲ್ಮೆಟ್ಟಿನ ಕಡೆ ನೋಡಿದಳು. "ಮಾರ್ಚಲ್ಲಿ ನನಗೇ ಕಾಣಿಸ್ತು ಸಾರ್. ಜೀವ ಹೋದಂಗಾಯ್ತು. ಸರಿ ಮಾಡಿದ ಲೆಕ್ಕ ಸೇವ್ ಕೂಡ ಮಾಡ್ಲಿಲ್ಲ, ಪ್ರಿಂಟ್ ತೆಗ್ದು ಶಿವಶಂಕರ್ ಸಾರ್ ಹತ್ರ ಓಡ್ದೆ. ಬೀಮೆಲ್ಲ ಪೀಣ್ಯದಲ್ಲಿ ಕಟ್ ಆಗೋಗಿದೆ, ಇಷ್ಟಕ್ಕೆಲ್ಲ ಏನೂ ಆಗಲ್ಲ, ಹರ್ಷಂಗೆ ಹೇಳ್ಬೇಡ, ಸೈನ್ ಅವನದು, ಅವನ ಲೈಸೆನ್ಸ್ ಹೋಗುತ್ತೆ ಅಂದ್ರು. ಮದುವೆ ಮುಂದಿತ್ತು ಸಾರ್. ಸುಮ್ನಾಗ್ಬಿಟ್ಟೆ."

ಬೀಮೆಲ್ಲ ಪೀಣ್ಯದಲ್ಲಿ ಕಟ್ ಆಗಿ ಕೂತ ಮೇಲೆ. ಮಧ್ಯಾಹ್ನ ಕಿವಿಯ ಮೇಲೆ ಹಾದುಹೋಗಿದ್ದ ಮಾತು ಈಗ ಶ್ಯಾಮಣ್ಣನ ಎದೆಗೆ ಬಂದು ನಾಟಿತು. ತಪ್ಪು ಮೊದಲೇ ಕಂಡಿರದವನ ಬಾಯಲ್ಲಿ ಆ ಮಾತು ಬರುತ್ತಿತ್ತೇ! ಆ ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು. ಆರು ತಿಂಗಳಿಂದ ಗೊತ್ತಿತ್ತು.

"ಅದು ಕೊನೆಯಲ್ಲ ಸಾರ್," ಎಂದಳು ಮಂಜುಶ್ರೀ. ಈಗ ಅವಳ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. "ಆ ದಿನ ಮೂರು ಗಂಟೆಗೆ ಹರ್ಷ ಫೋನ್ ಮಾಡ್ದ. ಊಟದ ಮೇಲೆ ತರಬೇತಿಯೋರೆಲ್ಲ ಬೇರೆ ಕಟ್ಟಡಕ್ಕೆ ಹೋಗಿದ್ರಂತೆ. ಅವನು ಕೆಳಗೆ ಮೆಟ್ಟಿಲ ಹತ್ರ ನಿಂತಿದ್ದ. ಮಂಜು, ಬಿರುಕು ಕಂಬದ ಗೆರೆ ಮೇಲೇ ಇದೆ, ಹತ್ತೋದಾ ಬೇಡ್ವಾ ಅಂತ ಯೋಚ್ನೆ, ತುದೀಗೆ ಅಳು ಹಾಕಿದ್ವಿ ತಾನೇ, ಅಂದ."

"ನೀನೇನಂದೆ?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಹೂಂ ಅಂದೆ ಸಾರ್. ಹೂಂ, ಹಾಕಿದ್ವಿ ಅಂದೆ. ಆರು ತಿಂಗಳು ಮುಚ್ಚಿಟ್ಟಿದ್ದೆ, ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ. ಸಂಜೆ ಎದುರಿಗೆ ಕೂತು ಹೇಳೋಣ ಅನ್ಕೊಂಡೆ. ಹಂಗಾದ್ರೆ ಭಯ ಇಲ್ಲ, ಹತ್ತಿ ನೋಡ್ತೀನಿ ಅಂದ. ಮೇಲಿಂದ ರಾಣಿ ಕೂಗಿದ್ದು ಕೇಳಿಸ್ತು, ಹರ್ಷಣ್ಣ ಇಲ್ಲಿ ಬಾ, ಇಲ್ಲೇ ನೋಡು ಅಂತ. ಹತ್ಬೇಡ, ರಾಣೀನೂ ಕೆಳಕ್ಕೆ ಕರಿ ಅಂತ ಒಂದು ಮಾತು ಅಂದಿದ್ರೆ ಇಬ್ರೂ ಬದುಕ್ತಿದ್ರು ಸಾರ್. ನಾನು ಹೂಂ ಅಂದ್ಬಿಟ್ಟೆ."

ಶ್ಯಾಮಣ್ಣ ಎದ್ದು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದ. ಅವನ ಮಗಳ ವಯಸ್ಸಿನ ಹುಡುಗಿ.

"ಸತ್ತ ಅಂತ ಸುದ್ದಿ ಬಂದ್ಮೇಲೆ ಇಲ್ಲಿ ಬಂದು ಕೂತು, ಒಂದೊಂದೇ ಬೀಮಿಗೆ ಅಳು ಹಾಕ್ದೆ. ನಲವತ್ತಾರು ಬೀಮು, ತೊಂಬತ್ತೆರಡು ತುದಿ. ನಾನು ಅವನಿಗೆ ಕೊನೇಲಿ ಹೇಳಿದ್ದು ಸುಳ್ಳಾಗ್ಬಾರ್ದು ಅಂತ ಅಷ್ಟೇ. ನೀವು ಅದನ್ನ ಹಿಡ್ಕೊಂಡು ಅತ್ತೆಗೆ ಹೇಳ್ಬಿಡ್ತೀರಿ ಅಂತ ಗೊತ್ತಿರ್ಲಿಲ್ಲ."

"ಶಿವಶಂಕರ್‌ಗೆ ಮಾರ್ಚಲ್ಲೇ ಹೇಳಿದ್ದೆ ಅನ್ನೋದಕ್ಕೆ ಏನಾದ್ರೂ ಇದ್ಯಾ? ನಿನ್ ಬಾಯಿಮಾತು ನಡೆಯಲ್ಲಮ್ಮ. ಅವನು ಇಲ್ಲ ಅಂದ್ರೆ ಮುಗೀತು."

"ಇದೆ ಸಾರ್. ಆ ಪ್ರಿಂಟಿನ ಮೇಲೆ ಅವರೇ ಪೆನ್ನಲ್ಲಿ ನೋಡಿದೆ ಅಂತ ಬರೆದು ಸೈನ್ ಹಾಕಿದ್ದಾರೆ. ಅಭ್ಯಾಸಬಲ ಅವರಿಗೆ, ಯಾವ ಕಾಗದ ಕೊಟ್ರೂ ಹಾಕ್ತಾರೆ."

"ಎಲ್ಲಿದೆ ಅದು?"

ಮಂಜುಶ್ರೀ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಅವಳು ನೋಡುತ್ತಿದ್ದುದು ಶ್ಯಾಮಣ್ಣನ ಬೆನ್ನ ಹಿಂದಕ್ಕೆ.

ತಾರಸಿಯ ಬಾಗಿಲಲ್ಲಿ ಈಶ್ವರಮ್ಮ ನಿಂತಿದ್ದಳು. ಅಕ್ಕಿಯನ್ನು ಬಿಸಿಲಿಗೆ ಹರವಲು ಮೊರ ತುಂಬಿಕೊಂಡು ಹೊರಗಿನ ಮೆಟ್ಟಿಲಿಂದ ಮೇಲೆ ಬಂದಿದ್ದಳು. ಯಾವಾಗ ಬಂದಳೋ, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎರಡೂ ಕೈ ಮೊರದ ಅಂಚುಗಳನ್ನು ಹಿಡಿದು ಕೆಳಕ್ಕೆ ಅಮುಕುತ್ತಿದ್ದವು. ನಡುವಿನ ಲೇಪ ಉದ್ದಕ್ಕೂ ಬಿರಿದು, ಅಕ್ಕಿ ಕಾಳು ಒಂದೊಂದಾಗಿ ಅವಳ ಪಾದದ ಮೇಲೆ ಉದುರುತ್ತಿತ್ತು.

ಕೆಳಗಿನಿಂದ ಪಿಳ್ಳಮ್ಮನ ದನಿ ಬಂತು. ಒಂಬತ್ತು ದಿನದಲ್ಲಿ ಮೊದಲ ಸಲ ಆ ದನಿಯಲ್ಲಿ ಜೀವವಿತ್ತು. "ಈಸ್ವರೀ, ಅಂಗೇ ಮಂಜೂನೂ ಕರ್ಕಂಡ್ ಬಾರೇ. ನನ್ ಸೊಸೆ ಕೈಯಾಗೇ ಎಡೆ ಇಡುಸ್ಬೇಕು, ಮಗೀಗೆ ಸಮಾಧಾನ ಆಯ್ತದೆ."

ಈಶ್ವರಮ್ಮ ಕೆಳಗೆ ನೋಡಲಿಲ್ಲ. ಮಂಜುಶ್ರೀಯ ಮುಖದಿಂದ ಕಣ್ಣು ಕೀಳದೆ ಎರಡು ಹೆಜ್ಜೆ ಒಳಗೆ ಬಂದಳು. ಅವಳ ದನಿ ಪಿಸುಮಾತಿಗಿಂತ ಜೋರಿರಲಿಲ್ಲ.

"ಕೆಳಕ್ ಓಗಿ ಅವ್ಳಿಗೆ ನೀನ್ ಏಳ್ತೀಯೇನವ್ವ, ಇಲ್ಲಾ ನಾನ್ ಏಳ್ಲಾ?"